ಹುಲ್ಲಿನ ಹಾಸಿಗೆ ಖಾಲಿಯಿರಲಿ

ನಿನ್ನ ಅವಸರ ನನಗೆ ಗೊತ್ತು ಮಗಾ. ನವೆಂಬರ್ ಮುಗಿಯುವ ಮೊದಲೇ ಬಾಲ್ಕನಿಯಲ್ಲಿ ನಕ್ಷತ್ರ ನೇತಾಡುತ್ತಿರುತ್ತದೆ. ಡಿಸೆಂಬರ್ ಒಂದಕ್ಕೆ ಕ್ರಿಸ್ಮಸ್ ಗಿಡ ನಿಂತಿರುತ್ತದೆ, ಬುಡದಲ್ಲಿ ಬಣ್ಣದ ಕಾಗದ ಸುತ್ತಿದ ಖಾಲಿ ಡಬ್ಬಿಗಳು. ಹತ್ತನೇ ತಾರೀಖಿನೊಳಗೆ ಆಫೀಸಿನದ್ದು, ಅಪಾರ್ಟ್‌ಮೆಂಟಿನದ್ದು, ಗೆಳೆಯರದ್ದು ಎಂದು ಮೂರು ಪಾರ್ಟಿ ಆಗಿಹೋಗಿರುತ್ತದೆ. ಇಪ್ಪತ್ತೈದರ ಮಧ್ಯಾಹ್ನ ಊಟ ಮುಗಿಸಿ ಸೋಫಾಕ್ಕೆ ಒರಗಿ, ‘ಈ ಸಲ ಯಾಕೋ ಹಬ್ಬ ಅನ್ನಿಸಲೇ ಇಲ್ಲ’ ಅನ್ನುತ್ತೀ. ಹೇಗೆ ಅನ್ನಿಸಬೇಕು? ಬರುವ ಮೊದಲೇ ಅದನ್ನು ತಿಂದು ಮುಗಿಸಿದ್ದೀಯಲ್ಲ.

ನಿನ್ನ ಮನಸ್ಸು ಒಳ್ಳೆಯದು. ಮಕ್ಕಳ ಹಬ್ಬಕ್ಕೆ ಅಂತ ಸಂಬಳದಲ್ಲಿ ಎತ್ತಿಡುತ್ತೀ. ರಜೆ ಉಳಿಸಿಕೊಂಡು, ಊರಿನ ಬಸ್ಸಿಗೆ ಎಷ್ಟೋ ಮೊದಲೇ ಸೀಟು ಹಿಡಿಯುತ್ತೀ. ಕೇಳುವವರಿಗೇ ಹೇಳಬೇಕು ಅಂತ ನಿನಗೆ ಹೇಳುತ್ತಿದ್ದೇನೆ. ಕ್ರಿಸ್ಮಸ್ಸಿಗೆ ಮೊದಲು ನಿನ್ನ ಮನೆ ಕಲಿಯಬೇಕಾದದ್ದು ಕಾಯುವುದನ್ನು.

ಹಿರಿಯರು ಹಬ್ಬದ ಮುಂದೆ ನಾಲ್ಕು ಭಾನುವಾರ ಇಟ್ಟದ್ದು ಸುಮ್ಮನೆ ಅಲ್ಲ. ನವೆಂಬರ್ 30ಕ್ಕೆ ಸಂತ ಅಂದ್ರೆಯರ ಹಬ್ಬ. ಅದಕ್ಕೆ ಅತಿ ಹತ್ತಿರದ ಭಾನುವಾರ ಆಗಮನ ಕಾಲ ಶುರು. ಇಗರ್ಜಿಗೆ ಹೋದಾಗ ಫೋನಿನಿಂದ ತಲೆಯೆತ್ತಿ ನೋಡು, ಪಾದ್ರಿಗಳ ಉಡುಪು ನೇರಳೆ. ಭಾನುವಾರದ ಬಲಿಪೂಜೆಯಲ್ಲಿ ಮಹಿಮಾ ಗೀತೆ ಹಾಡುವುದಿಲ್ಲ. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ ಇಣುಕುತ್ತದೆ, ಇನ್ನೇನು ಬಂತು ಎಂದು ಧೈರ್ಯ ಹೇಳಲಿಕ್ಕೆ. ಅಷ್ಟು ವಾರ ತಡೆದಿಟ್ಟ ಮಹಿಮಾ ಗೀತೆ ಇಪ್ಪತ್ತನಾಲ್ಕರ ರಾತ್ರಿ ಗಂಟೆಗಳ ಜೊತೆ ಒಮ್ಮೆಲೇ ಎದ್ದಾಗ ಇಷ್ಟು ವಯಸ್ಸಾದರೂ ನನಗೆ ಮೈ ಜುಮ್ಮೆನ್ನುತ್ತದೆ. ದಿನವೂ ಹಾಡಿಕೊಂಡೇ ಬಂದಿದ್ದರೆ ಆ ರಾತ್ರಿ ಅದು ಇನ್ನೊಂದು ಹಾಡು, ಅಷ್ಟೇ.

ಮನೆಯಲ್ಲೂ ಇದನ್ನೇ ಮಾಡು. ನಾಲ್ಕು ಮೇಣದ ಬತ್ತಿ, ಸುತ್ತ ಒಂದಿಷ್ಟು ಹಸಿರೆಲೆ. ಈ ಪದ್ಧತಿ ಬಂದದ್ದು ಜರ್ಮನಿಯಿಂದ. ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಚ್ ವಿಕರ್ನ್ ಎಂಬವರು ಬಡಮಕ್ಕಳಿಗಾಗಿ ಒಂದು ಮನೆ ನಡೆಸುತ್ತಿದ್ದರು. ಕ್ರಿಸ್ಮಸ್ಸಿಗೆ ಇನ್ನೆಷ್ಟು ದಿನ ಎಂದು ಆ ಮಕ್ಕಳು ಬೆನ್ನುಬಿಡದೆ ಕೇಳುತ್ತಿದ್ದರಂತೆ. 1839ರಲ್ಲಿ ವಿಕರ್ನ್ ಒಂದು ಗಾಡಿಚಕ್ರ ತಂದು, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಮಿಕ್ಕ ದಿನಗಳಿಗೆ ಸಣ್ಣ ಕೆಂಪು ಬತ್ತಿ ನಿಲ್ಲಿಸಿ, ದಿನಕ್ಕೊಂದು ಹಚ್ಚಿಸತೊಡಗಿದರು. ಆತ ಪ್ರೊಟೆಸ್ಟೆಂಟ್. ಇವತ್ತು ನಮ್ಮ ಕಥೋಲಿಕ ಇಗರ್ಜಿಗಳ ಪೀಠದ ಬಳಿಯೂ ಆ ಬತ್ತಿಗಳಿವೆ. ಒಳ್ಳೆಯದು ಯಾವ ಮನೆಯಿಂದ ಬಂದರೇನು, ತೆಗೆದುಕೊಳ್ಳಬೇಕು. ಸಂಜೆ ಪ್ರಾರ್ಥನೆಗೆ ಕೂತಾಗ ಬತ್ತಿ ಹಚ್ಚು. ಮೊದಲ ವಾರ ಒಂದು, ಎರಡನೇ ವಾರ ಎರಡು. ಬ್ಯಾಟರಿ ಬತ್ತಿ ಬೇಡ. ಹಚ್ಚುವ ಕೆಲಸ ಮಕ್ಕಳದು. ನೀನು ಪಕ್ಕದಲ್ಲಿರು, ಆದರೆ ಕೈ ಹಾಕಬೇಡ. ನಾಲ್ಕು ಬೆಂಕಿಕಡ್ಡಿ ಮುರಿದರೆ ಗಂಟೇನೂ ಹೋಗುವುದಿಲ್ಲ. ಇಡೀ ಜಪಸರ ಹೇಳಲು ಪುರುಸೊತ್ತಿಲ್ಲ ಅನ್ನುತ್ತೀಯಾ? ಹತ್ತು ಮಣಿ ಹೇಳು. ರೀಲ್ಸ್ ನೋಡಲು ಅದಕ್ಕಿಂತ ಹೆಚ್ಚು ಹೊತ್ತು ನಿನಗೆ ದಿನಾ ಸಿಗುತ್ತದೆ, ನಾನು ನೋಡಿದ್ದೇನೆ.

ಇನ್ನು ಗೋದಲಿ. ಅಂಗಡಿಯಿಂದ ಪೂರ್ತಿ ಕಟ್ಟಿದ್ದನ್ನು ತಂದು ಪ್ಲಗ್ಗಿಗೆ ಚುಚ್ಚಬೇಡ. ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ 1223ರ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇಡಿಸಿ, ನಿಜವಾದ ಎತ್ತು ಕತ್ತೆ ತರಿಸಿ, ಅಲ್ಲೇ ಬಲಿಪೂಜೆ ಮಾಡಿಸಿದರು. ದೇವರ ಮಗ ಹುಟ್ಟುವಾಗ ಎಂಥ ಕೊರತೆಯಲ್ಲಿ ಮಲಗಿದ ಎಂಬುದನ್ನು ಕಣ್ಣಾರೆ ಕಾಣಬೇಕು ಎಂಬುದು ಅವರ ಆಸೆ. ನಿನ್ನ ಗೋದಲಿಯಲ್ಲಿ ಹತ್ತಿಯ ಹಿಮ, ಓಡುವ ರೈಲು, ಮಿನುಗುವ ಕಾರಂಜಿ ಎಲ್ಲ ಇದ್ದು, ಆ ಬಡತನವೇ ಕಾಣದಿದ್ದರೆ ಏನು ಬಂತು? ಡಿಸೆಂಬರ್ ಹತ್ತು ಹನ್ನೆರಡರ ಹೊತ್ತಿಗೆ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿಸಿ, ನೆನೆಸಿದ ಭತ್ತವನ್ನೋ ರಾಗಿಯನ್ನೋ ಮಕ್ಕಳ ಕೈಯಲ್ಲಿ ಚೆಲ್ಲಿಸು. ಹಬ್ಬಕ್ಕೆ ಬೆರಳುದ್ದ ಹಸಿರು ಬರುತ್ತದೆ. ಬೆಂಗಳೂರಿನ ಹನ್ನೊಂದನೇ ಮಹಡಿಯಲ್ಲೂ ಬರುತ್ತದೆ, ಕಿಟಕಿಯ ಬಿಸಿಲು ಸಾಕು. ಬೆಳಿಗ್ಗೆ ಎದ್ದ ಕೂಡಲೇ ಮಗು ಮೊಳಕೆ ನೋಡಲು ಓಡುವುದನ್ನು ನೀನೇ ಕಾಣುತ್ತೀ.

ಎಲ್ಲ ಇಡು. ಮರಿಯಮ್ಮ, ಜೋಸೆಫರು, ಕುರಿಗಳು, ಮುಳಿಹುಲ್ಲಿನ ಮಾಡು. ಹುಲ್ಲಿನ ಹಾಸಿಗೆ ಮಾತ್ರ ಖಾಲಿಯಿರಲಿ. ಬಾಲಯೇಸುವನ್ನು ಇಪ್ಪತ್ತನಾಲ್ಕರ ಪೂಜೆ ಮುಗಿಸಿ ಬಂದ ಮೇಲೆಯೇ ಇಡಬೇಕು, ಅದೂ ಮನೆಯ ಅತಿ ಚಿಕ್ಕವರ ಕೈಯಿಂದ. ಅಲ್ಲಿಯವರೆಗೆ ಆ ಖಾಲಿ ಜಾಗವನ್ನು ಮೆತ್ತಗೆ ಮಾಡುವ ಕೆಲಸ ಮನೆಯವರದು. ಯಾರು ಒಂದು ಒಳ್ಳೆಯ ಕೆಲಸ ಮಾಡಿದರೂ ಒಂದು ಹುಲ್ಲುಕಡ್ಡಿ. ತಮ್ಮನಿಗೆ ಆಟಿಕೆ ಬಿಟ್ಟುಕೊಟ್ಟರೆ ಒಂದು, ಸುಳ್ಳು ಹೇಳಿದ್ದನ್ನು ತಾನಾಗಿ ಒಪ್ಪಿಕೊಂಡರೆ ಒಂದು. ನೀನೂ ಇಡಬೇಕು. ಮಾಡದ ಕೆಲಸಕ್ಕೆ ಕಡ್ಡಿ ಇಟ್ಟೀಯೆ, ಜೋಕೆ! ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ಮಕ್ಕಳು ಕೇಳುವ ಪ್ರಶ್ನೆಗಳಿಗೆ ಮೈಗಳ್ಳತನ ಮಾಡಬೇಡ. ಧರ್ಮೋಪದೇಶದ ಟೀಚರ್ ಇದ್ದಾರಲ್ಲ ಅನ್ನುತ್ತೀ. ಅವರು ಇರಲಿ. ಅವರಿಗೆ ಸಿಗುವುದು ವಾರಕ್ಕೊಂದು ಪಾಠ. ಮಗು ನಂಬುವುದು ನಿನ್ನ ಮುಖ ನೋಡಿ. ಲೂಕರ ಶುಭಸಂದೇಶದ ಎರಡನೇ ಅಧ್ಯಾಯ, ಮೊದಲ ಇಪ್ಪತ್ತು ವಚನ. ಗಟ್ಟಿಯಾಗಿ ಓದಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಉಡುಗೊರೆ ಬಿಚ್ಚುವ ಮೊದಲು, ಗೋದಲಿಯ ಮುಂದೆ ಕೂತು, ಮನೆಯಲ್ಲಿ ಹೊಸದಾಗಿ ಓದಲು ಕಲಿತ ಮಗುವಿನಿಂದ ಓದಿಸು. ತೊದಲಲಿ, ತಿದ್ದಬೇಡ.

ದೇವರು ಯಾಕೆ ಮಗುವಾಗಿ ಬಂದ ಎಂದು ಅದು ಕೇಳುತ್ತದೆ. ನಾನು ನನ್ನ ಮೊಮ್ಮಕ್ಕಳಿಗೆ ಹೇಳುವುದು ಇಷ್ಟು: ರಾಜನಾಗಿ ಬಂದಿದ್ದರೆ ನಾವು ಹೆದರಿ ದೂರ ನಿಲ್ಲುತ್ತಿದ್ದೆವು, ಮಗುವಾದರೆ ಎತ್ತಿಕೊಳ್ಳಲೇಬೇಕು. ಸುದ್ದಿ ಮೊದಲು ಕುರಿಗಾಹಿಗಳಿಗೇ ಯಾಕೆ ಸಿಕ್ಕಿತು ಎಂದು ಕೇಳಿದರೆ, ಊರೆಲ್ಲ ಮಲಗಿದ್ದಾಗ ಎಚ್ಚರವಿದ್ದವರು ಅವರೇ ಅನ್ನು. ಆಮೇಲೆ ಮಗುವಿನ ಕೈಯಲ್ಲಿ ಒಂದು ತಟ್ಟೆ ಕೊಟ್ಟು ನಿಮ್ಮ ಗೇಟಿನ ರಾತ್ರಿ ಕಾವಲುಗಾರನ ಹತ್ತಿರ ಕಳಿಸು. ನೀನು ಎಷ್ಟು ಉಪದೇಶ ಮಾಡಿದರೂ ಅದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಸ್ವಲ್ಪ ದೊಡ್ಡದಾದ ಮೇಲೆ, ಡಿಸೆಂಬರ್ 25 ಬೈಬಲಿನಲ್ಲಿ ಇಲ್ಲವಂತೆ ಎಂದು ಸವಾಲು ಹಾಕುತ್ತದೆ. ಮುಖ ಕೆಂಪಗೆ ಮಾಡಬೇಡ. ಹೌದು, ಇಲ್ಲ. ರೋಮಿನಲ್ಲಿ 354ರ ಒಂದು ಪಂಚಾಂಗದಲ್ಲಿ ಆ ತಾರೀಖು ಕಾಣುತ್ತದೆ. ಎತ್ತು ಕತ್ತೆಗಳೂ ಲೂಕರಲ್ಲಿ ಇಲ್ಲ, ಯೆಶಾಯ ಪ್ರವಾದಿಯ ಗ್ರಂಥದಿಂದ ನಡೆದು ಬಂದವು. ಪೂರ್ವದ ಜ್ಞಾನಿಗಳು ಮೂವರು ಎಂದು ಮತ್ತಾಯರು ಬರೆದಿಲ್ಲ. ಮೂರು ಇದ್ದದ್ದು ಕಾಣಿಕೆ: ಚಿನ್ನ, ಧೂಪ, ರಕ್ತಬೋಳ. ಇದನ್ನೆಲ್ಲ ನೀನೇ ಮೊದಲು ಹೇಳಿಬಿಡು. ಹದಿನಾರರ ಪ್ರಾಯದಲ್ಲಿ ಯೂಟ್ಯೂಬಿನಿಂದ ತಿಳಿದುಕೊಂಡು, ಅಪ್ಪ ಅಮ್ಮ ನನ್ನನ್ನು ನಂಬಿಸಿದರು ಅಂದುಕೊಳ್ಳಬಾರದು. ತಾರೀಖು ಗೊತ್ತಿಲ್ಲವೆಂದು ಮಗು ಹುಟ್ಟಿದ್ದು ಸುಳ್ಳಾಗುವುದಿಲ್ಲ.

ಕ್ರಿಸ್ಮಸ್ ತಾತನ ಬಗ್ಗೆಯೂ ಎರಡು ಮಾತು. ಅವನನ್ನು ಓಡಿಸು ಅನ್ನುವುದಿಲ್ಲ. ಅವನು ಯಾರೆಂದು ಹೇಳು. ಈಗಿನ ಟರ್ಕಿಯ ಮೈರಾ ಪಟ್ಟಣದಲ್ಲಿ 4ನೇ ಶತಮಾನದ ಬಿಷಪರು ಸಂತ ನಿಕೊಲಾಸ್. ಅವರ ಹಬ್ಬ ಡಿಸೆಂಬರ್ 6. ಮದುವೆ ಮಾಡಲಾಗದ ಬಡ ತಂದೆಯ ಮೂವರು ಹೆಣ್ಣುಮಕ್ಕಳಿಗೆ ರಾತ್ರಿ ಯಾರಿಗೂ ಕಾಣದಂತೆ ಕಿಟಕಿಯಿಂದ ಹೊನ್ನಿನ ಚೀಲ ಎಸೆದರೆಂದು ಕಥೆ. ಕೊಟ್ಟವರ ಹೆಸರು ಹೊರಗೆ ಬರಬಾರದು, ಕಥೆಯ ಜೀವ ಅಲ್ಲಿದೆ. ನಿನ್ನ ಮನೆಯಲ್ಲೂ ಈ ಸಲ ಒಂದು ದಾನ ಹಾಗೆ ಆಗಲಿ. ಯಾರದೋ ಶಾಲೆಯ ಫೀಸು, ಯಾರದೋ ಔಷಧಿಯ ಬಿಲ್ಲು. ಫೋಟೊ ಬೇಡ ಮಾರಾಯ.

ಇನ್ನು ಹಬ್ಬದ ತಿಂಡಿ, ಕುಸ್ವಾರಿಗೆ ಬಂದೆ. ನೆವ್ರ್ಯೊ, ಕಿಡ್ಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಪೇರಳೆಯ ಪೆರಾದ್. ಹೆಸರು ಹೇಳಿದರೇ ನಿನ್ನ ಬಾಯಲ್ಲಿ ನೀರು, ಗೊತ್ತು. ಈಗ ಬೇಕರಿಯಲ್ಲಿ ಎಲ್ಲ ಸಿಗುತ್ತದೆ, ತಾ, ಬೇಡ ಅನ್ನುವುದಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಹತ್ತು ಬಗೆ ಮಾಡು ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಂದು ಬಗೆ ಮಾತ್ರ ಮನೆಯಲ್ಲೇ ಆಗಲಿ. ಕಿಡ್ಯೊ ಆರಿಸಿಕೊ. ಹಿಟ್ಟಿನ ಸಣ್ಣ ಉಂಡೆಯನ್ನು ಮುಳ್ಳುಚಮಚದ ಬೆನ್ನ ಮೇಲೆ ಒತ್ತಿ ಸುರುಳಿ ಮಾಡುವುದು, ನಾಲ್ಕು ವರ್ಷದ ಮಗುವಿಗೂ ಬರುತ್ತದೆ, ಎಂಬತ್ತರ ಅಜ್ಜಿಗೂ ಬರುತ್ತದೆ. ಚಾಪೆ ಹಾಸಿ ಎಲ್ಲರೂ ಸುತ್ತ ಕೂರಿ. ಗಂಡಸರೂ ಕೂರಬೇಕು, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನ ಸೊಂಟ ಮುರಿದು ಹಬ್ಬ ಆಯಿತು, ಅವಳು ಮಾತ್ರ ಪೂಜೆಯಲ್ಲಿ ತೂಕಡಿಸಿದಳು. ಅದು ನಿನ್ನ ಮನೆಯಲ್ಲಿ ಆಗಕೂಡದು. ಕಿಡ್ಯೊ ಒತ್ತುವಾಗ ಹಳೆಯ ಕತೆಗಳು ತಾವಾಗಿ ಹೊರಗೆ ಬರುತ್ತವೆ. ಅಜ್ಜ ಮುಂಬಯಿಗೆ ಹಡಗು ಹತ್ತಿದ್ದು, ಕೊಟ್ಟಿಗೆಯಲ್ಲಿ ದನ ಕರು ಹಾಕಿದ ಕ್ರಿಸ್ಮಸ್ ರಾತ್ರಿ. ಮಕ್ಕಳು ಬಾಯಿ ಬಿಟ್ಟು ಕೇಳುತ್ತವೆ. ಕೊಕ್ಕಿಸಾಂ ಮಾಡುವ ಹುಮ್ಮಸ್ಸು ಬಂದರೆ ಒಂದು ನೆನಪಿಡು, ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಲು ಬಿಡು. ನಿನ್ನ ಆತುರಕ್ಕೆ ಬೇಗ ಎತ್ತಿದರೆ ಹಿಟ್ಟು ಹಿಡಿಯುವುದೇ ಇಲ್ಲ.

ಹಿಂದೆ ಧರ್ಮಸಭೆಯ ಕಟ್ಟಳೆಯಂತೆ ಹಬ್ಬದ ಹಿಂದಿನ ದಿನ ಉಪವಾಸ. 1960ರ ದಶಕದಲ್ಲಿ ಅದು ಹೋಯಿತು. ಈಗ ಕಟ್ಟಳೆ ಇಲ್ಲದಿದ್ದರೂ ಆ ದಿನ ಒಂದು ಹೊತ್ತು ಬಿಟ್ಟು ನೋಡು. ಪೂಜೆ ಮುಗಿದು ಕೇಕಿನ ಮೊದಲ ತುಂಡು ಬಾಯಿಗೆ ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. ಅನೇಕ ಇಗರ್ಜಿಗಳಲ್ಲಿ ಮಧ್ಯರಾತ್ರಿಯ ಪೂಜೆ ಈಗ ಸಂಜೆಗೇ ಆಗುತ್ತಿದೆ. ಅದಕ್ಕೆ ಮುಖ ಸಿಂಡರಿಸಬೇಡ, ಮುದುಕರಿಗೂ ಕೂಸುಗಳಿಗೂ ಅನುಕೂಲವೇ. ದುಬೈಯಲ್ಲಿರುವ ನಮ್ಮವರಿಗೆ ಇಪ್ಪತ್ತೈದಕ್ಕೆ ರಜೆಯೇ ಇಲ್ಲ. ರಾತ್ರಿ ಜನಜಂಗುಳಿಯಲ್ಲಿ ನಿಂತು ಪೂಜೆ ಮುಗಿಸಿ, ಬೆಳಿಗ್ಗೆ ಡ್ಯೂಟಿಗೆ ಹೋಗುತ್ತಾರೆ. ಅವರನ್ನು ನೆನೆದು, ರಜೆಯಲ್ಲಿ ಹಾಸಿಗೆ ಬಿಡದ ನೀನು ಅರ್ಧ ಗಂಟೆ ಬೇಗ ಹೋಗಿ ಮುಂದಿನ ಬೆಂಚು ಹಿಡಿ. ಮಕ್ಕಳಿಗೆ ಪೀಠ ಕಾಣಬೇಕು, ಮುಂದಿನವರ ಬೆನ್ನಲ್ಲ. ಅದಕ್ಕೆ ಮೊದಲೇ ಒಂದು ದಿನ ಪಾಪನಿವೇದನೆಯೂ ಆಗಿರಲಿ. ಸಾಲು ಉದ್ದವಿತ್ತು ಎಂಬ ನೆಪ ನನ್ನ ಹತ್ತಿರ ಬೇಡ.

ಇಪ್ಪತ್ತಾರಕ್ಕೇ ಗೋದಲಿ ಬಿಚ್ಚುವವರನ್ನು ಕಂಡರೆ ನನಗೆ ಬೇಸರ. ಹಬ್ಬ ಆಗಷ್ಟೇ ಶುರುವಾಗಿರುತ್ತದೆ. 28ಕ್ಕೆ, ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಹಸುಳೆಗಳ ಸ್ಮರಣೆ. ಯೇಸುವಿನ ಮನೆಯವರು ಕೂಸನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದ್ದನ್ನು ಮಕ್ಕಳಿಗೆ ಹೇಳು. ಮುಂದೆ ಊರು ಬಿಟ್ಟು ಓಡಿಬಂದವರನ್ನು ಕಂಡಾಗ ಆ ಮಕ್ಕಳು ಮುಖ ತಿರುಗಿಸುವುದಿಲ್ಲ. ಜ್ಞಾನಿಗಳ ಬೊಂಬೆಗಳನ್ನು ಗೋದಲಿಯಿಂದ ದೂರ, ಟಿವಿ ಕಪಾಟಿನ ಮೇಲಿಟ್ಟು ದಿನಕ್ಕೊಂದು ಗೇಣು ನಡೆಸಿಕೊಂಡು ಬಾ. ದೇವದರ್ಶನದ ಹಬ್ಬ ಜನವರಿ 6ಕ್ಕೆ. ನಮ್ಮ ದೇಶದ ಇಗರ್ಜಿಗಳಲ್ಲಿ ಅದರ ಆಸುಪಾಸಿನ ಭಾನುವಾರ ಆಚರಿಸುತ್ತಾರೆ. ಅವತ್ತು ಅವರು ತಲುಪಲಿ.

ತಟ್ಟೆ ಹಂಚುವ ಕೆಲಸವನ್ನು ಡೆಲಿವರಿ ಹುಡುಗನಿಗೆ ಒಪ್ಪಿಸಬೇಡ. ನೀನೇ ಹೋಗು, ಮಕ್ಕಳನ್ನೂ ಕರೆದುಕೊಂಡು. ದೀಪಾವಳಿಗೆ ಹೋಳಿಗೆ ಕೊಟ್ಟವರ ಮನೆಗೆ, ಈದಿಗೆ ಬಿರಿಯಾನಿ ಕಳಿಸಿದವರ ಮನೆಗೆ. ಈ ಹಬ್ಬ ಏನೆಂದು ಅವರು ಕೇಳಿದರೆ ಸಂಕೋಚವಿಲ್ಲದೆ ಹೇಳು, ಕೇಳದಿದ್ದರೆ ನಕ್ಕು ಕಾಫಿ ಕುಡಿದು ಬಾ. ವರ್ಷದೊಳಗೆ ಸಾವಾದ ಮನೆಗಳಲ್ಲಿ ಹಲವರು ಕುಸ್ವಾರ್ ಮಾಡುವುದಿಲ್ಲ. ಅಲ್ಲಿಗೆ ಮೊದಲು ಹೋಗು, ಹೋದ ಮೇಲೆ ಅರ್ಧ ಗಂಟೆ ಕೂರು, ಸತ್ತವರ ಹೆಸರೆತ್ತಿ ಮಾತಾಡು. ಹಬ್ಬದ ದಿನ ಆ ಹೆಸರು ಯಾರೂ ಎತ್ತದೇ ಇರುವುದೇ ಅವರಿಗೆ ಹೆಚ್ಚು ನೋವು.

ಕೊನೆಯ ತಟ್ಟೆ ನಿನ್ನ ಅಣ್ಣನ ಮನೆಗೆ. ಜಾಗದ ಪಾಲಿನಲ್ಲಿ ಮಾತು ಬಿಟ್ಟಿದ್ದೀರಿ, ಊರಿಗೆಲ್ಲ ಗೊತ್ತು. ಅವನದ್ದೇ ತಪ್ಪು ಅನ್ನುತ್ತೀ, ಇರಬಹುದು, ನಾನು ಪಂಚಾಯಿತಿಗೆ ಕೂತಿಲ್ಲ. ವ್ಯವಹಾರದ ಮಾತು ಎತ್ತಬೇಡ, ವಕೀಲರ ಕೆಲಸ ವಕೀಲರಿಗಿರಲಿ. ಅವನ ಮಕ್ಕಳು ನಿನ್ನ ಮಕ್ಕಳು ಒಂದೇ ಅಜ್ಜಿಯ ಕೈಯಲ್ಲಿ ಕಿಡ್ಯೊ ತಿಂದವರು. ಬಾಗಿಲು ತೆರೆದರೆ ಒಳಗೆ ಹೋಗಿ ಅವನ ಗೋದಲಿ ನೋಡು. ತೆರೆಯದಿದ್ದರೆ ತಟ್ಟೆಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಅವನಿಗೆ ಮುಟ್ಟಿಸಿ ಎಂದು ಹೇಳಿ ಬಾ. ಮುಂದಿನ ವರ್ಷ ಮತ್ತೆ ಹೋಗು.