ಮೊದಲು ನೋಟಿಸು, ಆಮೇಲೆ ಬಡಗಿ

ಹುಳಿಮಾವು ಅಂದರೆ ಈಗ ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟು, ಪಿಜಿಗಳೇ ಕಣ್ಣಿಗೆ ಬೀಳುತ್ತವೆ. ಹಳೇ ಊರಿನ ಓಣಿಗಳಲ್ಲಿ ಹೆಂಚಿನ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅಂಥದ್ದೊಂದನ್ನು ಭೋಗ್ಯಕ್ಕೆ ಹಿಡಿದಿದ್ದ ನನ್ನ ಕಕ್ಷಿದಾರರೊಬ್ಬರು, ಮಳೆ ಸೋರಿ ಕುಂಬಾದ ತೊಲೆ, ಜಂತಿಗಳನ್ನು ಸಾಲ ಮಾಡಿ ಬದಲಾಯಿಸಿದರು. ಮನೆ ಬಿಡುವಾಗ ಖರ್ಚು ಕೇಳಿದರೆ ಮಾಲೀಕರು, "ನಾನೇನು ಮಾಡಿಸಿ ಅಂದಿದ್ದೆನಾ?" ಅಂದರು. ಕಾನೂನು ಕೇಳುವುದೂ ಹೆಚ್ಚುಕಡಿಮೆ ಅದನ್ನೇ.

ಮೊದಲು ಮರ ನೋಡಿ. ತೊಲೆ ಗೋಡೆಯೊಳಗೆ ಹೊಕ್ಕಿರುವ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಸಲೀಸಾಗಿ ಇಳಿದು, ಮರ ಕಂದುಬಣ್ಣದ ಚೌಕಚೌಕ ತುಂಡುಗಳಾಗಿ ಬಿರಿದಿದ್ದರೆ ಅದು ಶಿಲೀಂಧ್ರದ ಕೊಳೆ, ಅಂದರೆ ಸೋರಿಕೆಯ ಫಲ. ಮಣ್ಣಿನ ಸುರಂಗ ಕಂಡರೆ ಗೆದ್ದಲು. ಈ ವ್ಯತ್ಯಾಸ ಬೇಕೇಬೇಕು, ಏಕೆಂದರೆ ಮಾಲೀಕರ ಮೊದಲ ಮಾತೇ "ನೀವು ಮನೆ ಸರಿಯಾಗಿ ಇಟ್ಟುಕೊಳ್ಳಲಿಲ್ಲ" ಎಂಬುದು. ನಿಮ್ಮ ತಪ್ಪಿನಿಂದ ಕೆಟ್ಟದ್ದಾದರೆ ಸರಿಪಡಿಸುವ ಹೊಣೆ ನಿಮ್ಮದೇ. ಸಹಜ ಸವಕಳಿ ನಿಮ್ಮದಲ್ಲ.

ಬಾಡಿಗೆದಾರರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಒಂದು ದಾರಿ ಕೊಡುತ್ತದೆ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ "ಮಾಡಿಸಲೇಬೇಕಾದ" ಎಂಬಲ್ಲೇ ತೊಡಕು. ಆ ಹೊಣೆ ಕರಾರಿನಲ್ಲಿ ಇರಬೇಕು. ಇ-ಸ್ಟಾಂಪ್ ಅಂಗಡಿಯ ಸಿದ್ಧ ಕರಾರಿನಲ್ಲಿ "ಎಲ್ಲ ರಿಪೇರಿ ಬಾಡಿಗೆದಾರನದೇ" ಎಂದು ಮೊದಲೇ ಅಚ್ಚಾಗಿರುತ್ತದೆ. ಬ್ರೋಕರು ಅದನ್ನು ಓದಿ ಹೇಳುವುದಿಲ್ಲ, ಅವನಿಗೆ ಬೇಕಾದದ್ದು ಒಂದು ತಿಂಗಳ ಕಮಿಷನ್. ಸಹಿಗೆ ಮುಂಚೆ ಆ ಸಾಲು ಹೊಡೆದುಹಾಕಿಸಿ, "ಛಾವಣಿ, ತೊಲೆ, ಗೋಡೆ ಮಾಲೀಕರದು" ಎಂದು ಬರೆಸಿ. ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ತೆರವಿನ ದಾವೆಗೆ ನೀವೇ ಕಾರಣ ಕೊಟ್ಟಂತಾಗುತ್ತದೆ.

ಭೋಗ್ಯದವರಿಗೆ ಈ ದಾರಿಯೂ ಇಲ್ಲ. ಬಾಡಿಗೆಯೇ ಇಲ್ಲದ ಮೇಲೆ ಯಾವುದರಲ್ಲಿ ಮುರಿದುಕೊಳ್ಳುವುದು? ಲಕ್ಷಗಟ್ಟಲೆ ದುಡ್ಡು ಕೊಟ್ಟು ಬಡ್ಡಿಯ ಬದಲು ಮನೆಯಲ್ಲಿ ಇರುವುದನ್ನು ಕಾನೂನು ಅಡಮಾನ ಎಂದೇ ನೋಡಬಹುದು. ಹಾಗಾದರೆ, ಕರಾರು ಬೇರೆ ಹೇಳದಿದ್ದರೆ, ಮನೆಯ ಆದಾಯದ ಮಿತಿಯಲ್ಲಿ ಅಗತ್ಯ ರಿಪೇರಿ ನಿಮ್ಮ ತಲೆಗೇ ಬರುತ್ತದೆ. ಮನೆ ಹಾಳಾಗದಂತೆ ಮಾಡಿದ ಖರ್ಚನ್ನು ಅದೇ ಕಾಯ್ದೆಯ 72ನೇ ಕಲಮಿನಂತೆ ಅಸಲಿಗೆ ಸೇರಿಸಬಹುದು, ಆದರೆ ಮಾಲೀಕರಿಗೆ ಮೊದಲು ತಿಳಿಸಿ, ಅವರು ಸಕಾಲಕ್ಕೆ ಕ್ರಮ ತೆಗೆದುಕೊಳ್ಳದಿದ್ದರೆ ಮಾತ್ರ. ನನ್ನ ಕಕ್ಷಿದಾರರು ಸೋತದ್ದು ಇಲ್ಲಿ. ಬಡಗಿ ಮೊದಲು ಬಂದ, ನೋಟಿಸು ಹೋಗಲೇ ಇಲ್ಲ.

ಇದಕ್ಕಿಂತ ದೊಡ್ಡ ಹೊಡೆತ ಆ ಭೋಗ್ಯದ ಕಾಗದದ್ದೇ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಇಂಥ ಅಡಮಾನಕ್ಕೂ, ಒಂದು ವರ್ಷ ಮೀರಿದ ಬಾಡಿಗೆಗೂ ನೋಂದಣಿ ಕಡ್ಡಾಯ. ನೋಟರಿ ಮೊಹರು ನೋಂದಣಿಯಲ್ಲ, ನೋಟರಿಗಳು ಎಷ್ಟೇ ಗಂಭೀರವಾಗಿ ಒತ್ತಿದರೂ ಸರಿ. ಮುದ್ರಾಂಕ ಕಡಿಮೆಯಿದ್ದರೆ ಕರ್ನಾಟಕದಲ್ಲಿ ಕೊರತೆಯ ಜೊತೆಗೆ ಅದರ ಹತ್ತುಪಟ್ಟಿನವರೆಗೂ ದಂಡ ಕಟ್ಟಿದ ಮೇಲೇ ಆ ಕಾಗದ ಸಾಕ್ಷ್ಯವಾಗುವುದು. ದುಡ್ಡು ಕೊಡುವ ಮುಂಚೆ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ.

ನೋಟಿಸಿನಲ್ಲಿ ಸೋರುವ ಜಾಗ, ದಿನಾಂಕ, ಗಡುವು ಬರೆದು, ಫೋಟೊ, ಬಡಗಿಯ ಅಂದಾಜುಪಟ್ಟಿ ಲಗತ್ತಿಸಿ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳಿಸಿ. ವಾಟ್ಸಾಪ್ ಸಂದೇಶವೂ ನಡೆಯುತ್ತದೆ, ಆದರೆ ಕೋರ್ಟಿಗೆ ಹಾಜರುಪಡಿಸುವಾಗ 2023ರ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಫೋನ್ ಬದಲಿಸಬೇಡಿ.

2019ರ ನವೆಂಬರ್ 24ರಂದು ಹುಳಿಮಾವು ಕೆರೆ ಏರಿ ಒಡೆದು ಮನೆಮನೆಗೆ ನೀರು ನುಗ್ಗಿತಲ್ಲ, ಅಂಥ ಪ್ರವಾಹದಿಂದ ಮನೆಯ ಮುಖ್ಯ ಭಾಗ ಶಾಶ್ವತವಾಗಿ ವಾಸಕ್ಕೆ ಬಾರದಾದರೆ ಬಾಡಿಗೆದಾರರು ಕರಾರು ಮುರಿದು ಹೊರಡಬಹುದು. ವರ್ಷಗಟ್ಟಲೆ ಸೋರಿ ಕೊಳೆತದ್ದಕ್ಕೆ ಈ ಹಕ್ಕು ಒದಗದು.

ತೊಲೆ ಬಾಗಿ ಬೀಳುವಂತಿದ್ದರೆ ಪಾಲಿಕೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮೊಹರು ಪಡೆಯಿರಿ. "ಇದು ಸಿವಿಲ್ ಮ್ಯಾಟರ್" ಎಂದು ಎಂಜಿನಿಯರು ಕೈತೊಳೆದುಕೊಳ್ಳಲು ನೋಡುತ್ತಾರೆ. ಖರ್ಚಿನ ಜಗಳ ಸಿವಿಲ್ ನಿಜ, ಅಪಾಯದ ಕಟ್ಟಡ ಅವರ ಕೆಲಸವೇ. ಆದರೂ ಅವರ ಪರಿಶೀಲನೆಗೆ ಕಾಯುತ್ತ ಆ ಕೋಣೆಯಲ್ಲಿ ಮಲಗಬೇಡಿ.

ವಕೀಲರ ಫೀಜಿಗೆ ಹೆದರುವವರು 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.