ಬಟ್ಟೆಬೊಂಬೆಗಳ ಸಂಗ್ರಹ ಮತ್ತು ಸಂರಕ್ಷಣೆ

ಬಟ್ಟೆ, ದಂತ ಮೊದಲಾದವುಗಳಿಂದ ರಚಿಸಿದ ಬೊಂಬೆಗೆ ಅಮರಕೋಶವು ‘ಪಾಂಚಾಲಿಕಾ’ ಎಂಬ ಹೆಸರನ್ನು ಕೊಟ್ಟಿದೆ. ಆದುದರಿಂದ ಬಟ್ಟೆಬೊಂಬೆ ನಮಗೆ ಹೊಸದಲ್ಲ. ‘ಟೆಡ್ಡಿ’ ಕರಡಿಯ ಹೆಸರು ಮಾತ್ರ ಹೊರನಾಡಿನದು. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಕಟ್ಟಿಹಾಕಿದ್ದ ಕರಡಿಗೆ ಗುಂಡು ಹಾರಿಸಲು ಒಪ್ಪದ ಪ್ರಸಂಗದಿಂದ ಅದು ಬಂದಿತು.

ಅಂಬ್ಲಿಗೊಳದ ಸುತ್ತಿನ ಊರುಗಳಲ್ಲಿ ಮಳೆಗಾಲದ ತೇವವೇ ಇಂತಹ ಬೊಂಬೆಗಳಿಗೆ ಶತ್ರು. ಒಳಗಿನ ಹತ್ತಿಗೆ ಬೂಷ್ಟು ಹಿಡಿಯುತ್ತದೆ. ಹೊಲಿಗೆ ಬಿಚ್ಚಿ ಹತ್ತಿಯನ್ನು ಬಿಸಿಲಿಗೊಡ್ಡಬೇಕು. ಹೊದಿಕೆಯನ್ನು ಅಂಟುವಾಳದ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಮತ್ತೆ ತುಂಬಿ ಹೊಲಿಯಬೇಕು. ಕಣ್ಣಿಗೆ ಗುಂಡಿಗಿಂತ ದಾರದ ಕಸೂತಿಯೇ ಲೇಸು. ಕಿತ್ತ ಗುಂಡಿಯನ್ನು ಶಿಶುವು ನುಂಗೀತು. ಸಂಗ್ರಹದ ಪೆಟ್ಟಿಗೆಯಲ್ಲಿ ಒಣಗಿದ ಬೇವಿನ ಎಲೆಯಿರಲಿ.

ಮಗುವು ಬೊಂಬೆಯನ್ನು ಜೀವವುಳ್ಳದ್ದೆಂದೇ ಬಗೆಯುತ್ತದೆ. ಹರಿದುದನ್ನು ಎಸೆದರೆ ಅದು ಕಲಿಯುವುದು ನಿರ್ದಯೆಯನ್ನು. ಮಗುವಿನ ಕಣ್ಣೆದುರಿಗೇ ಹೊಲಿದುಕೊಟ್ಟರೆ ಕಲಿಯುವುದು ದಯೆಯನ್ನು. ಶಿಶುವಿಹಾರದ ಶಿಕ್ಷಕರು ಇದನ್ನು ಪಾಠವೆಂದೇ ಎಣಿಸಬೇಕು.