ಹಪ್ಪಳ ಒಣಗುವ ಕಾಲಕ್ಕೆ ಸಿದ್ದಾಪುರಕ್ಕೆ ಹೋಗಿ

ಗೆಳೆಯನೊಬ್ಬ ಮೇ ತಿಂಗಳಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹದಿನೈದು ದಿನ ಮಲೆನಾಡಿನಲ್ಲಿ ಇದ್ದು ಬರಬೇಕು ಅಂದುಕೊಂಡಿದ್ದಾನೆ. ‘ನೀನು ಸಿದ್ದಾಪುರದಲ್ಲಿ ಇದ್ದವನು, ಒಂದಿಷ್ಟು ಬರೆದುಕೊಡು ಮಾರಾಯ’ ಎಂದ. ನೋಡುವ ಜಾಗಗಳ ಪಟ್ಟಿ ಅವನಿಗೆ ಎಲ್ಲಾದರೂ ಸಿಗುತ್ತದೆ. ಆ ಊರಲ್ಲಿ ಬೇಸಿಗೆ ಕಳೆಯುವುದು ಹೇಗೆ ಎಂಬುದನ್ನು ಮಾತ್ರ ಬರೆಯುತ್ತೇನೆ.

ನಾನು ಚಳ್ಳಕೆರೆ ಕಡೆಯವನು. ಅಕ್ಕನಿಗೆ ಸಿದ್ದಾಪುರದ ಹತ್ತಿರದ ಶಾಲೆಗೆ ವರ್ಗವಾದಾಗ ಎರಡು ಬೇಸಿಗೆ ಅವಳ ಜೊತೆ ಇದ್ದೆ. ನಮ್ಮ ಕಡೆ ಏಪ್ರಿಲ್, ಮೇ ಅಂದರೆ ಬಾಗಿಲು ಮುಚ್ಚಿಕೊಂಡು ಮಲಗುವ ತಿಂಗಳುಗಳು. ಅಲ್ಲಿ ಹಾಗಿಲ್ಲ. ಮಳೆಗಾಲಕ್ಕೆ ಬೇಕಾದದ್ದೆಲ್ಲ ಆ ಎರಡು ತಿಂಗಳ ಬಿಸಿಲಲ್ಲೇ ಒಣಗಬೇಕು, ಉಪ್ಪಿಗೆ ಬೀಳಬೇಕು, ಭರಣಿ ಸೇರಬೇಕು. ಊರಿಗೆ ಊರೇ ಕೆಲಸದಲ್ಲಿರುತ್ತದೆ. ಹೊಸಬರಿಗೆ ಆ ಊರಿನ ಮನೆಯೊಳಗೆ ಸುಲಭವಾಗಿ ಪ್ರವೇಶ ಸಿಗುವ ಕಾಲವೂ ಅದೇ.

ಮೊದಲು ಊರಿನ ಹೆಸರಿನ ವಿಷಯ. ಕರ್ನಾಟಕದಲ್ಲಿ ಸಿದ್ದಾಪುರಗಳು ಹಲವು. ಕೊಡಗಿನಲ್ಲಿ ಒಂದಿದೆ, ಕುಂದಾಪುರ ತಾಲ್ಲೂಕಿನಲ್ಲಿ ಒಂದಿದೆ, ಗಂಗಾವತಿ ಕಡೆ ಇನ್ನೊಂದು. ನಾನು ಹೇಳುತ್ತಿರುವುದು ಉತ್ತರ ಕನ್ನಡ ಜಿಲ್ಲೆಯ ತಾಲ್ಲೂಕು ಕೇಂದ್ರ. ಮೊದಲ ಸಲ ಹೋಗುವಾಗ ಶಿವಮೊಗ್ಗದಲ್ಲಿ ಸಿದ್ದಾಪುರ ಎಂಬ ಬೋರ್ಡು ನೋಡಿ ಬಸ್ಸು ಹತ್ತಿದೆ. ‘ಸಿದ್ದಾಪುರ ಹೋಗ್ತದಾ?’ ಎಂದು ಕೇಳಿದ್ದಕ್ಕೆ ಕಂಡಕ್ಟರು ‘ಹೋಗ್ತದೆ, ಹತ್ತಿ’ ಎಂದರು. ಅದು ಘಾಟಿ ಇಳಿದು ಕುಂದಾಪುರದ ಸಿದ್ದಾಪುರಕ್ಕೆ ಹೋಗುವ ಬಸ್ಸು. ಹೊಸನಗರ ಬಂದ ಮೇಲೆ ಪಕ್ಕದಲ್ಲಿ ಕೂತಿದ್ದವರು ಹೇಳಿ ಗೊತ್ತಾಯಿತು. ಅಲ್ಲಿ ಇಳಿದು, ಸಾಗರದ ಬಸ್ಸಿಗೆ ಒಂದೂವರೆ ಗಂಟೆ ಕಾದು, ಮಧ್ಯಾಹ್ನದ ಊಟಕ್ಕೆ ತಲುಪಬೇಕಾದವನು ಅಕ್ಕನ ಮನೆ ಸೇರುವಾಗ ದೀಪ ಹಚ್ಚಿದ್ದರು. ಹಾಗಾಗಿ ಬಸ್ಸಿಗೆ ಹತ್ತುವ ಮುಂಚೆ ‘ಸಾಗರ, ತಾಳಗುಪ್ಪದ ಮೇಲೆ ಹೋಗ್ತದಾ?’ ಎಂದೇ ಕೇಳಿ. ಅಂಚೆ, ಪಾರ್ಸೆಲ್ ತರಿಸುವುದಿದ್ದರೂ ಜಿಲ್ಲೆಯ ಹೆಸರನ್ನು ದೊಡ್ಡದಾಗಿ ಬರೆಸಿ.

ಬೆಂಗಳೂರು, ಮೈಸೂರಿನವರಿಗೆ ರೈಲೇ ಒಳ್ಳೆಯದು. ರಾತ್ರಿ ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಹಳಿ ಅಲ್ಲಿಗೇ ಮುಗಿಯುತ್ತದೆ, ನಿದ್ದೆಯಲ್ಲಿ ಊರು ದಾಟಿಹೋಗುವ ಭಯವಿಲ್ಲ. ಅಲ್ಲಿಂದ ಸಿದ್ದಾಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ.

ಬಸ್ ಸ್ಟ್ಯಾಂಡಿನ ಹತ್ತಿರ ಲಾಡ್ಜುಗಳಿವೆ. ಒಂದು ರಾತ್ರಿಗೆ ಸಾಕು. ಹದಿನೈದು ದಿನಕ್ಕಾದರೆ ತೋಟದ ಮನೆಯೇ ಆಗಬೇಕು. ಊರಿನ ಆಚೆ ಎರಡು ಮೂರು ಕಿಲೋಮೀಟರ್ ಹೋದರೆ ಅಡಿಕೆ ತೋಟದ ತಲೆಯಲ್ಲಿ ಮನೆಗಳಿವೆ, ಕೆಲವರು ಹೊರಗಿನವರಿಗೆ ಕೋಣೆ ಕೊಡುತ್ತಾರೆ. ನಾನಿದ್ದ ಕಾಲಕ್ಕೆ ಊಟ ತಿಂಡಿ ಸೇರಿ ದಿನಕ್ಕೆ ಐನೂರು, ಆರುನೂರು ಕೊಟ್ಟವರಿದ್ದಾರೆ. ಈಗ ಅದರ ಎರಡರಷ್ಟಾದರೂ ಇಟ್ಟುಕೊಂಡು ಹೋಗಿ. ಪೇಟೆಯ ಕಾಂಕ್ರೀಟ್ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಕಳೆಯುವುದು ಕಷ್ಟ. ನಮ್ಮ ಬಯಲುಸೀಮೆಯ ಬಿಸಿಲು ಸುಡುತ್ತದೆ, ಆದರೆ ನೆರಳಿಗೆ ಬಂದರೆ ಮುಗಿಯಿತು. ಇಲ್ಲಿ ನೆರಳಲ್ಲೂ ಬೆವರು ಇಳಿಯುತ್ತದೆ. ತೋಟದ ಮನೆಯ ಜಗಲಿಯಲ್ಲಿ, ಕೆಳಗಿಂದ ಬರುವ ತೋಟದ ತಂಪಿಗೆ ಮೈಕೊಟ್ಟು ಮಲಗಿದರೆ ಮಾತ್ರ ಆ ಮೂರು ಗಂಟೆ ಹೋಗುವುದೇ ಗೊತ್ತಾಗುವುದಿಲ್ಲ.

ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ ‘ಆಸ್ರಿಗೆ ಎಂತ ಕೊಡ್ಲಿ?’ ಎಂದು. ಆಸರು ಎಂದರೆ ಬಾಯಾರಿಕೆ. ಏನೂ ಬೇಡ ಎನ್ನಬೇಡಿ, ಅವರಿಗೆ ಬೇಸರವಾಗುತ್ತದೆ. ಕಾಫಿ, ಚಹಾ ಕೇಳಿ ಆ ಅವಕಾಶ ಕಳೆದುಕೊಳ್ಳಲೂ ಬೇಡಿ. ಬೇಸಿಗೆಯಲ್ಲಿ ಮುರುಗಲ ಹಣ್ಣಿನ ಪಾನಕ ಕೇಳಿ. ಏಪ್ರಿಲ್, ಮೇನಲ್ಲಿ ಮರದಿಂದ ಬಂದ ಹಣ್ಣಿನ ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಟ್ಟು ಇಳಿಸಿದ ರಸ ಅದು. ಅಂಗಡಿಯ ಬಾಟಲಿಯಲ್ಲಿ ಬರುವ ಕೋಕಂ ಶರಬತ್ತಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಕುಡಿದಾದ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ಮುಂದೆ ಬರುತ್ತದೆ. ಕವಳ ಹಾಕುವ ಅಭ್ಯಾಸವಿಲ್ಲದಿದ್ದರೆ ನಗುತ್ತಾ ಬೇಡವೆನ್ನಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಊಟದಲ್ಲಿ ಅಪ್ಪೆಹುಳಿ ಬಿಡಬೇಡಿ. ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ಧಾರಾಳವಾಗಿ ಬಿಟ್ಟು, ಉಪ್ಪು, ಚೂರು ಬೆಲ್ಲ ಹಾಕಿ, ಸಾಸಿವೆ, ಇಂಗು, ಮೆಣಸಿನ ಒಗ್ಗರಣೆ ಕೊಟ್ಟಿರುತ್ತಾರೆ. ಅನ್ನಕ್ಕೆ ಕಲಸಿದ್ದಕ್ಕಿಂತ ಲೋಟದಲ್ಲಿ ಕುಡಿದದ್ದೇ ಹೆಚ್ಚು. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಎಂದು ಆ ಕಡೆಯವರೆಲ್ಲ ಹೇಳುತ್ತಾರೆ, ನನಗಂತೂ ಪ್ರತಿ ಮಧ್ಯಾಹ್ನ ಬಂದಿದೆ. ತಂಬುಳಿಯ ಬಗ್ಗೆ ಇಷ್ಟೇ: ದಿನಕ್ಕೊಂದು ಸೊಪ್ಪಿನದು ಮಾಡುತ್ತಾರೆ, ಹೆಸರು ಕೇಳಿಟ್ಟುಕೊಳ್ಳಿ, ಒಂದೆಲಗದ್ದು ಎಲ್ಲಕ್ಕಿಂತ ಮೇಲು.

ಉಪ್ಪಿನಕಾಯಿಗೆ ಅಪ್ಪೆಮಿಡಿ ಕೊಳ್ಳುವ ಆಸೆಯಿದ್ದರೆ ಮೇ ತಿಂಗಳು ತಡವಾಯಿತು. ಮಾರ್ಚ್, ಏಪ್ರಿಲ್‌ನಲ್ಲೇ ಮಿಡಿ ಕೊಯ್ದು ಮುಗಿದಿರುತ್ತದೆ. ಆ ಹೊತ್ತಿಗೆ ಹೋಗುವವರು ಮಿಡಿಯನ್ನು ನೂರರ ಲೆಕ್ಕದಲ್ಲಿ ಕೊಳ್ಳಬೇಕು. ಕೊಳ್ಳುವ ಮುಂಚೆ ಒಂದರ ತೊಟ್ಟು ಮುರಿದು ಮೂಸಿ ನೋಡಿ. ನಿಜವಾದ ಅಪ್ಪೆಯ ಸೊನೆ ಚಿಮ್ಮುತ್ತದೆ, ಒಂದೊಂದು ಮರದ್ದು ಒಂದೊಂದು ಪರಿಮಳ. ಜೀರಿಗೆ ಅಪ್ಪೆ ಜೀರಿಗೆಯ ಹಾಗೆಯೇ ಘಂ ಎನ್ನುತ್ತದೆ. ಅನಂತಭಟ್ಟನ ಅಪ್ಪೆ ಎಂಬ ತಳಿಗೆ ಎಲ್ಲಕ್ಕಿಂತ ಹೆಸರು. ರಸ್ತೆ ಬದಿಯಲ್ಲಿ ಯಾವುದೋ ಕಾಡುಮಾವಿನ ಮಿಡಿಯನ್ನು ಇದೇ ಹೆಸರು ಹೇಳಿ ಮಾರುವುದನ್ನು ನೋಡಿದ್ದೇನೆ. ಮೂಸದೆ ಕೊಂಡರೆ ದುಡ್ಡು ನೀರಿಗೆ.

ಈಗ ಹಪ್ಪಳ. ಇದಕ್ಕಾಗಿಯೇ ನಾನು ಮೇ ತಿಂಗಳು ಎನ್ನುವುದು. ನಾವಿದ್ದ ಮನೆಯ ಯಜಮಾನತಿಯನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆವು. ಅವರು ಬೆಳಿಗ್ಗೆ ಐದಕ್ಕೆಲ್ಲ ಬಲಿತ ಹಲಸಿನಕಾಯಿ ಮೂರು ನಾಲ್ಕು ಉರುಳಿಸಿಕೊಂಡು ಹಿತ್ತಿಲಲ್ಲಿ ಕೂರುತ್ತಿದ್ದರು. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ ಕಾಯಿ ಸೀಳಬೇಕು, ಇಲ್ಲವಾದರೆ ಮೇಣ ಎರಡು ದಿನ ಬಿಡುವುದಿಲ್ಲ. ನಾವು ತೊಳೆ ಎನ್ನುವುದನ್ನು ಅವರು ಸೊಳೆ ಎನ್ನುತ್ತಾರೆ. ಸೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಒರಳಲ್ಲಿ ಕುಟ್ಟುತ್ತಾರೆ. ಆರಿದರೆ ಹಿಟ್ಟು ಹದಕ್ಕೆ ಬರುವುದಿಲ್ಲವಂತೆ, ಹಾಗಾಗಿ ಆ ಹೊತ್ತಿನಲ್ಲಿ ಯಾರ ಮಾತಿಗೂ ಅವರು ಉತ್ತರ ಕೊಡುತ್ತಿರಲಿಲ್ಲ. ಅಕ್ಕಪಕ್ಕದ ಮನೆಯ ಹೆಂಗಸರು ಬಂದು ಸುತ್ತ ಕೂರುತ್ತಾರೆ. ಒಬ್ಬರು ಉಂಡೆ ಕಟ್ಟುವುದು, ಒಬ್ಬರು ಎರಡು ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು, ಮಕ್ಕಳು ಅಂಗಳದ ಚಾಪೆಗೆ ಸಾಗಿಸುವುದು. ನಾಳೆ ಈ ಮನೆಯವರು ಆ ಮನೆಗೆ.

ನೀವು ಸುಮ್ಮನೆ ನಿಂತು ಫೋಟೋ ತೆಗೆಯಬೇಡಿ. ಕೈಕಾಲು ತೊಳೆದು ಬಂದು ‘ನಾನು ಒತ್ತಲಾ ದೊಡ್ಡಮ್ಮಾ?’ ಎಂದು ಕೇಳಿ. ನನ್ನ ಮೊದಲ ಹಪ್ಪಳ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬಂತು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ‘ಅಡ್ಡಿಲ್ಲೆ ತಮಾ’ ಎಂದು ಚಾಪೆಗೆ ಹಾಕಿಸಿದರು. ಅಡ್ಡಿಲ್ಲೆ ಎಂಬ ಈ ಒಂದು ಮಾತು ಕಲಿತುಕೊಳ್ಳಿ. ಪರವಾಗಿಲ್ಲ, ಚೆನ್ನಾಗಿದೆ, ಆಗಲಿ, ಎಲ್ಲಕ್ಕೂ ಅದೇ. ಕೆಲಸದ ನಡುವೆ ಹಸಿ ಹಿಟ್ಟಿನ ಉಂಡೆಗೆ ಕೊಬ್ಬರಿ ಎಣ್ಣೆ ಹಾಕಿ ಕೊಡುತ್ತಾರೆ. ನಾಲ್ಕು ದಿನ ಹೋಟೆಲಿನಲ್ಲಿ ಉಂಡರೂ ಅಂಥ ರುಚಿ ಸಿಗುವುದಿಲ್ಲ.

ಮೇ ಕೊನೆಯಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಮೋಡ ಕಟ್ಟಿ ಗುಡುಗುತ್ತದೆ. ಒಂದು ಹನಿ ಬಿದ್ದರೆ ಸಾಕು, ಮಲಗಿದವರು, ಉಣ್ಣುತ್ತಿದ್ದವರು, ದಾರಿಯಲ್ಲಿ ಹೋಗುವವರು ಎಲ್ಲ ಅಂಗಳಕ್ಕೆ ಓಡಿ ಚಾಪೆಯ ನಾಲ್ಕು ಮೂಲೆ ಹಿಡಿಯುತ್ತಾರೆ. ಆಗ ನೀವೂ ಒಂದು ಮೂಲೆ ಹಿಡಿಯಿರಿ. ನನಗೆ ಆ ಕೇರಿಯಲ್ಲಿ ಎಲ್ಲರ ಪರಿಚಯವಾದದ್ದು ಅಂಥದ್ದೊಂದು ಸಂಜೆ. ಗಾಳಿಮಳೆಗೆ ಮರ ಬಿದ್ದರೆ ಕರೆಂಟು ಮರುದಿನವೇ. ಟಾರ್ಚ್ ಇಟ್ಟುಕೊಳ್ಳಿ.

ತಿರುಗಾಟದ ವಿಷಯಕ್ಕೆ ಬಂದರೆ, ಬೇಸಿಗೆಯಲ್ಲಿ ಜಲಪಾತದ ಆಸೆ ಬಿಡಿ. ಜೋಗ 253 ಮೀಟರ್ ಎತ್ತರದ್ದು ನಿಜ, ಆದರೆ ಶರಾವತಿಯ ನೀರೆಲ್ಲ ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. ಜೀಪಿನವನೊಬ್ಬ ‘ನಿನ್ನೆಯಿಂದ ನೀರು ಬಿಟ್ಟಿದ್ದಾರೆ’ ಎಂದು ಹೇಳಿ ನಮ್ಮನ್ನು ಹತ್ತಿಸಿಕೊಂಡ. ಹೋಗಿ ನೋಡಿದರೆ ಬಂಡೆಯ ಮೇಲೆ ಒದ್ದೆಯ ಗೆರೆಗಳು. ಬರುವಾಗ ಕಾದದ್ದಕ್ಕೆ ಬೇರೆ ದುಡ್ಡು ಕೇಳಿದ. ಅಕ್ಕನ ಜೊತೆ ಚಿಕ್ಕ ಮಕ್ಕಳಿದ್ದರೆಂದು ಜಗಳವಾಡದೆ ಕೊಟ್ಟೆ. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಅಘನಾಶಿನಿಯ ಉಂಚಳ್ಳಿ ಜಲಪಾತವೂ ಏಪ್ರಿಲ್ ದಾಟಿದ ಮೇಲೆ ಸೊರಗಿರುತ್ತದೆ. ಇವೆರಡಕ್ಕೂ ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಬನ್ನಿ.

ಆದರೆ ಜೋಗದ ದಾರಿಯ ಮಾವಿನಗುಂಡಿಯಲ್ಲಿ ಇಳಿಯಲೇಬೇಕು. 1930ರ ದಶಕದ ಕರನಿರಾಕರಣೆ ಚಳವಳಿಯಲ್ಲಿ ಈ ತಾಲ್ಲೂಕಿನ ರೈತರು ಮನೆ, ಜಮೀನು ಜಪ್ತಿಯಾದರೂ ಕಂದಾಯ ಕಟ್ಟಲಿಲ್ಲ. ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಆ ಹೆಂಗಸರ ನೆನಪಿನ ಸ್ಮಾರಕ ಅಲ್ಲಿದೆ. ಬಸ್ಸುಗಟ್ಟಲೆ ಜನ ಅದನ್ನು ದಾಟಿ ಜೋಗಕ್ಕೆ ಹೋಗುತ್ತಾರೆ, ಒಬ್ಬರೂ ತಿರುಗಿ ನೋಡುವುದಿಲ್ಲ. ಭುವನಗಿರಿಯ ಭುವನೇಶ್ವರಿ ಗುಡಿಗೆ ಬಿಸಿಲೇರುವ ಮುಂಚೆ ಹೋಗಿ ಬನ್ನಿ. ಬಿಳಗಿ ಅರಸರ ಕಾಲದ್ದು, ಬೆಟ್ಟದ ಮೇಲೆ ತಂಪಾಗಿದೆ. ಬಿಳಗಿಯ ರತ್ನತ್ರಯ ಬಸದಿಗೆ ಅರ್ಧ ದಿನ ಸಾಕು.

ಬೇಸಿಗೆ ಮದುವೆಯ ಕಾಲ. ದೀವರ ಮನೆಯ ಮದುವೆಗೆ ಕರೆ ಬಂದರೆ ಎಲ್ಲ ಬಿಟ್ಟು ಹೋಗಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆದಿರುತ್ತಾರೆ. ಕುಂಚ ಪುಂಡಿನಾರಿನದು. ಕೂದಲೆಳೆಯಂಥ ಗೆರೆಗಳನ್ನು ಅಳತೆಗೋಲಿಲ್ಲದೆ ಎಳೆಯುವ ಆ ಹೆಂಗಸರ ಕೈ ನೋಡಬೇಕು. ಯಕ್ಷಗಾನದ ಮೇಳಗಳೂ ಮಳೆಗೆ ಮುಂಚೆ ತಿರುಗಾಟ ಮುಗಿಸುವ ಆತುರದಲ್ಲಿರುತ್ತವೆ, ವಾರಕ್ಕೊಂದು ಆಟವಾದರೂ ಹತ್ತಿರದಲ್ಲಿ ಸಿಗುತ್ತದೆ. ಹೊದೆಯಲು ಶಾಲು ಒಯ್ಯಿರಿ. ಆಟ ಮುಗಿದ ಮೇಲೆ ಬಸ್ಸಿಲ್ಲ, ಬೈಕಿನವರೊಬ್ಬರನ್ನು ಮೊದಲೇ ಹೊಂದಿಸಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡ ಕ್ಯಾಸನೂರು ಪಕ್ಕದ ಸೊರಬ ತಾಲ್ಲೂಕಿನದು. ಕಾಡಿನ ಉಣುಗು ಕಚ್ಚಿ ಬರುವ ಜ್ವರ ಅದು, ಚಳಿಗಾಲದಿಂದ ಮಳೆ ಬೀಳುವವರೆಗೆ ಅದರ ಕಾಲ. ಬರಿಗಾಲಲ್ಲಿ ಕಾಡಿಗೆ ಹೋಗಬೇಡಿ, ತರಗೆಲೆಯ ಮೇಲೆ ಕೂರಬೇಡಿ. ಆ ವರ್ಷ ಯಾವ ಹಳ್ಳಿಯಲ್ಲಿ ಕಾಯಿಲೆ ಇದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಮೈಗೆ ಹಚ್ಚುವ ಎಣ್ಣೆಯನ್ನೂ ಅಲ್ಲೇ ಕೇಳಿ ಪಡೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅವರಿಗೆ ತಿಳಿಸಿ. ತಿರುಗಾಡಿ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಸಿದ್ದಾಪುರದ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ.

ಹೋಗುವಾಗ ಒಂದು ದೊಡ್ಡ ಡಬ್ಬಿ ಖಾಲಿ ಒಯ್ಯಿರಿ. ಹೊರಡುವ ದಿನ ನೀವು ಒತ್ತಿದ ಹಪ್ಪಳವನ್ನೇ ಎಣಿಸಿ ಕೊಡುತ್ತಾರೆ, ಕಾಗದದ ಪೊಟ್ಟಣದಲ್ಲಿ ತಂದರೆ ರೈಲಿನಲ್ಲಿ ಪುಡಿಯಾಗುತ್ತದೆ. ಜೂನ್ ಮೊದಲ ವಾರದೊಳಗೆ ಹೊರಟುಬಿಡಿ. ಮಳೆ ಹಿಡಿದ ಮೇಲೆ ಆ ಊರಲ್ಲಿ ಒಗೆದ ಬಟ್ಟೆ ಒಣಗುವುದಕ್ಕೂ ನಾಲ್ಕು ದಿನ ಬೇಕು.